ಇದ್ದಂಗ

ಉಸ್ಮಾನ್‌ಗಂಜಿನ ಅಂಗಡಿ, ಶಟರ್ ಅರ್ಧ ಇಳಿಸೀನಿ.
ರಾತ್ರಿ ಒಂಬತ್ತೂವರಿ. ಬೀದರಿನ ಬಿಸಲು ಇನ್ನಾ ಗ್ವಾಡಿಯೊಳಗೇ ಅದ.
ಈ ಮಷೀನು ಹಳೇದು. ತಾಜೋದ್ದೀನನ ನೆಟ್ ಕೆಫೆ ಮುಚ್ಚಿದಾಗ
ಕುರ್ಚಿ ಸಮೇತ ಆರು ಸಾವಿರಕ್ಕ ತಂದಿದ್ದು.
ಅಂವ ಜಹೀರಾಬಾದಿನಾಗ ಟೈರಿನ ದಂಧಿ ಹಿಡದಾನ,
ಹೆಸರು ಮಾತ್ರ ಇಲ್ಲೇ ಬಿಟ್ಟು ಹೋಗ್ಯಾನ.
ದಿನಾ ಮುಂಜಾನೆ ಗುಂಡಿ ಒತ್ತಿದರ
ಪರದಿ ಅಂತದ: ಸಲಾಮ್, ತಾಜೋದ್ದೀನ್.
ನಾನು ಜಗದೇವಿ. ನಾಕು ವರ್ಷ ಸುಮ್ನಿದ್ದೆ.

ಈಗ ಬದಲಿ ಮಾಡೋದದ. ಹೆಸರು,
ಅಕ್ಷರದ ದಪ್ಪ, ಮೆನುವಿನ ಮಾತು.
ಬಂದ್ ಮಾಡೋ ಗುಂಡಿ ಮ್ಯಾಲ ಇಂಗ್ಲೀಷಿನಾಗ 'ಮುಚ್ಚು' ಅಂತ ಬರೆದದ.
ನಮ್ಮಲ್ಲಿ ಹಂಗ ಹೇಳಿ ಯಾರು ಹೊರಡತಾರ?
ಅಲ್ಲಿ 'ಹೋಗಿ ಬರ್ತೀನಿ' ಅಂತ ಕೂಡಿಸೋದು.

ಹ್ವಾದ ವರ್ಷ ಕೈ ಹಾಕಿ ಸುಟಗೊಂಡೀನಿ.
ಒಂದೇ ಒಂದು ಫಾಂಟು, ಸಿಸ್ಟಮ್ಮಿನ ಒಳಮನಿಯಾಗಿಂದು, ತಗದೆ.
ಎಲ್ಲಾ ಅಕ್ಷರ ಚೌಕ ಚೌಕ,
ಅಂಗಳಕ್ಕ ಶಹಾಬಾದಿ ಪರಸಿ ಹಾಸಿದಂಗ.
ಹಳ್ಳಿಖೇಡದವರ ಲಗ್ನಪತ್ರಿಕಿ, ಮುನ್ನೂರು:
ವರ ಚೌಕ, ವಧು ಚೌಕ, ಮುಹೂರ್ತ ಚೌಕ,
ಆಗಮನಾಭಿಲಾಷಿಗಳು ಅನ್ನೋದು ಒಂದು ಉದ್ದನ ಕಟ್ಟಿ.
ಹುಡುಗನ ಕಾಕಾ ಚಷ್ಮಾ ಒರಸಿ ಒರಸಿ ನೋಡಿದ.

ಬಾಜೂಕಿನ ಖದೀರ, ಮೊಬೈಲ್ ರಿಪೇರಿಯಂವ, ಆವತ್ತ ಅಂದ:
"ಪೈಲೇ ನಕಲ್ ಉತಾರೋ ಆಪಾ.
ಔರ್ ನಕಲ್ ಕೂ ಬೀ ಅಕಲ್ ಹೋನಾ."

ಅಂವ ಹೇಳಿದ್ದು ನನಗ ಅಡಗಿಮನ್ಯಾಗ ತಿಳೀತು.
ಬ್ಯಾಳಿಗಿ ಖಾರ ಬೀಳೋಕಿಂತ ಮೊದಲ
ಸಣ್ಣಾಕಿಗಿ ಒಂದು ಬಟ್ಟಲ ಬಾಜೂಕ ತಗದಿಡತೀನಿ.
ಬಿದ್ದ ಖಾರ ತಗಿಯೋ ಚಮಚ
ಇನ್ನಾ ಯಾ ಅಂಗಡ್ಯಾಗೂ ಬಂದಿಲ್ಲ.

ಅದಕ್ಕೇ ಇವತ್ತ ಹೊಸ ಡಿಸ್ಕು, ಅಂಗೈಯಷ್ಟು.
ಬರೇ ಫೈಲಲ್ಲ, ಇಡೀ ಸಿಸ್ಟಮ್ ಡಿಸ್ಕು,
ಹೊಸ್ತಿಲ ಹಿಡದು ಹಿತ್ತಲ ತನಕ:
ನನ್ನ ಕಾಗುಣಿತದ ತಪ್ಪು, ಅಳಿಸೀನಿ ಅಂತ ತಿಳಕೊಂಡಿದ್ದು,
ಯಾರೋ ಹುಡುಗ ಇಸ್ಪೀಟಿನಾಗ ಗೆದ್ದ ಲೆಕ್ಕ,
ಕಸಬರಗಿ ಮುಟ್ಟಲಾರದ ಮೂಲಿ.
ಕಸ ಯಾವುದು, ಕಂಬ ಯಾವುದು, ನನಗೇನ್ ಗೊತ್ತು?
ಆರಿಸಿ ಆರಿಸಿ ಇಟ್ಟರ ನಾಳಿ ಅದು ಏಳಂಗಿಲ್ಲ.

ಪಟ್ಟಿ ಸರೀಲತ್ತದ. ಹನ್ನೆರಡು. ಹನ್ನೆರಡೇ.
ನಲವತ್ತಕ್ಕ ಕರೆಂಟ್ ಹೋತು.
ಯುಪಿಎಸ್ ಗುಬ್ಬಿಮರಿಯಂಗ ಏಳು ನಿಮಿಷ ಚೀರಿ
ತಾನೂ ಮಲಗ್ತು.
ಬಂದ ಮ್ಯಾಲ ಮತ್ತ ಮೊದಲಿಂದ. ಒಂದು. ಎರಡು.
ಚೌಬಾರದ ಕಡಿಂದ ಖಾಲಿ ಆಟೋ ಒಂದು ಹಾದುಹೋತು.
ಮನಿಯಿಂದ ಫೋನು: ರೊಟ್ಟಿ ಆರ್ಯಾವ.
"ಬರ್ತೀನಿ" ಅಂದೆ. ಅರವತ್ತೆಂಟು.

ಮುಗದ ಮ್ಯಾಲ ಸುಮ್ನ ನಂಬಲಿಲ್ಲ,
ಖದೀರ ಬಿಟ್ಟುಹ್ವಾದ ಮುರುಕ ಲ್ಯಾಪ್‌ಟಾಪಿಗಿ ಹಚ್ಚಿ ನೋಡಿದೆ.
ತುಸು ಕೆಮ್ಮಿತು. ಎದ್ದಿತು.
ಸಲಾಮ್, ತಾಜೋದ್ದೀನ್.

ಡಿಸ್ಕಿಗಿ ಬಿಳೇ ಟೇಪ್ ಹಚ್ಚಿ ತಾರೀಖು ಬರದೆ,
ತಾರೀಖಿನ ಕೆಳಗ: ಇದ್ದಂಗ.
ಅಸಲಿದ್ದ ಸೂರಿನ ಕೆಳಗೇ ನಕಲು ಇರಬಾರದು,
ಮನಿಗಿ ಒಯ್ದು ಶ್ಯಾವಿಗಿ ಡಬ್ಬಿಯೊಳಗ ಇಟ್ಟೆ.

ಒಂದು ಹೇಳೋದು ಬಿಟ್ಟೆ.
ದಿನಾ ಸಂಜಿ ಐದಕ್ಕ ಈ ಮಷೀನು ಟಿಣ್ ಅಂತಿತ್ತು.
ಮೂಲ್ಯಾಗ ಒಂದು ಹಳದಿ ಚೀಟಿ: ಅಮ್ಮೀ ಕೀ ದವಾ.
ತಾಜೋದ್ದೀನ ಯಾವಾಗೋ ಇಟ್ಟಿದ್ದು.
ಆ ಅಮ್ಮಿ ಅದಾಳೋ ಇಲ್ಲೋ, ನಾ ಕೇಳಿಲ್ಲ.
ಕೇಳಬೇಕಂತ ನಂಬರು ಎರಡು ಸರ್ತಿ ತಗದಿದ್ದೆ.

ಮರುದಿನ ಎಲ್ಲಾ ಬದಲಿ ಮಾಡಿದೆ. ಒಂದೂ ಚೌಕ ಬರಲಿಲ್ಲ.
ಶರಣ್ರಿ, ಜಗದೇವಿ, ಅಂತು ಪರದಿ.
ಗಿರಾಕಿ ಒಬ್ಬಾಂವ 'ಹೋಗಿ ಬರ್ತೀನಿ' ಓದಿ ನಕ್ಕ,
ಜೆರಾಕ್ಸಿನ ಎರಡು ರೂಪಾಯಿ ಹೆಚ್ಚಿಗೀನೇ ಕೊಟ್ಟ.

ಐದಾತು. ಏನೂ ಅನ್ನಲಿಲ್ಲ.
ನಾನೇ ತಲಿ ಎತ್ತಿ ಗಡಿಯಾರ ನೋಡಿದೆ.
ಯಾರದೋ ಆದಾಯ ಪ್ರಮಾಣಪತ್ರದ ಅರ್ಜಿ
ತಂದಿ ಹೆಸರಿನ ಮುಂದ ಬಂದು ನಿಂತಿತ್ತು.
ಮನ್ಯಾಗ, ಶ್ಯಾವಿಗಿ ನಡುವ,
ಒಂದು ಐದು ಗಂಟಿ
ಹೊಡಿಲಾರದ ಕುಂತಿತ್ತು.